ಇಬ್ಬರು ಶೋಭಾ, ಒಂದು ವೀಸಾ

ಹೆಸರು ಕೂಗಿದಾಗ ಇಬ್ಬರು ಎದ್ದು ನಿಂತೆವು.

ಟೋಕನ್ ನಂಬರು ತೋರಿಸುವ ಬೋರ್ಡು ಅವತ್ತು ಕೆಟ್ಟಿತ್ತು. ಹಾಗಾಗಿ ಕೌಂಟರಿನಾಕೆ ಗಾಜಿನ ಹಿಂದಿನಿಂದಲೇ ಹೆಸರು ಕೂಗುತ್ತಿದ್ದಳು. ಅವಳ ಬಾಯಲ್ಲಿ ‘ಶೋಭಾ ಮಂಜುನಾಥ್’ ಎಂಬುದು ಏನೇನೋ ಆಗಿ ಹೊರಬಿದ್ದರೂ ನನಗೆ ಗುರುತು ಸಿಕ್ಕಿತು. ಫೈಲು ಎತ್ತಿಕೊಂಡು ಎರಡು ಹೆಜ್ಜೆ ಹಾಕಿದೆ. ನನ್ನ ಪಕ್ಕದಲ್ಲೇ ಇನ್ನೊಬ್ಬರು ಫೈಲು ಎತ್ತಿಕೊಂಡು ಹೊರಟಿದ್ದರು. ಅರವತ್ತರ ಹತ್ತಿರದವರು, ಕಾಟನ್ ಚೂಡಿದಾರ, ಮೇಲೆ ಉಣ್ಣೆಯ ಸ್ವೆಟರು.

‘ನನ್ನನ್ನ ಕರೆದಿದ್ದು ಅನ್ಸುತ್ತೆ,’ ಅಂದೆ ಇಂಗ್ಲಿಷಿನಲ್ಲಿ.

ಅವರು ನನ್ನ ಮುಖವನ್ನೂ ಫೈಲನ್ನೂ ನೋಡಿ ಕನ್ನಡದಲ್ಲೇ ಕೇಳಿದರು: ‘ನೀವೂ ಶೋಭಾನಾ? ಮಂಜುನಾಥ್ ಯಾರು, ತಂದೆಯವರಾ, ಯಜಮಾನ್ರಾ?’

‘ಯಜಮಾನ್ರು.’

‘ನಮ್ಮವರೂ ಮಂಜುನಾಥೇ!’ ಅಂತ ನಗಲು ಶುರುಮಾಡಿದರು. ಸ್ಯಾನ್ ಫ್ರಾನ್ಸಿಸ್ಕೋದ ಆ ವೀಸಾ ಕೇಂದ್ರದಲ್ಲಿ, ಉಸಿರು ಬಿಗಿಹಿಡಿದು ಕೂತಿದ್ದ ಅಷ್ಟು ಜನರ ನಡುವೆ, ನಾವಿಬ್ಬರೂ ನಿಂತು ನಕ್ಕೆವು. ಕೌಂಟರಿನಾಕೆ ಹುಟ್ಟಿದ ತಾರೀಕು ಕೇಳಿದಳು. ಮೊದಲ ಸರದಿ ನನ್ನದು.

ಕೌಂಟರಿನ ಮುಂದಿನ ಆ ಕುರ್ಚಿಯವರೆಗೆ ಬಂದು ಕೂರುವುದೇ ಒಂದು ದೊಡ್ಡ ಕೆಲಸವಾಗಿತ್ತು. ಅಮೆರಿಕದಲ್ಲಿದ್ದುಕೊಂಡು ಭಾರತದ ಪಾಸ್‌ಪೋರ್ಟಿನಲ್ಲಿ ಯೂರೋಪು ನೋಡಲು ಹೊರಡುವವರಿಗೆ ಇದು ಗೊತ್ತು. ಮೊದಲು ಅಪಾಯಿಂಟ್‌ಮೆಂಟು ಸಿಗಬೇಕು. ವೆಬ್‌ಸೈಟಿನ ಕ್ಯಾಲೆಂಡರಿನಲ್ಲಿ ಎಲ್ಲ ದಿನವೂ ಬೂದು ಬಣ್ಣ. ಯಾರೋ ರದ್ದು ಮಾಡಿದಾಗ ಒಂದು ಚೌಕ ಹಸಿರಾಗುತ್ತದೆ. ನೀವು ಮೌಸ್ ಒತ್ತುವಷ್ಟರಲ್ಲಿ ಮತ್ತೆ ಬೂದು. ಆಫೀಸಿನಲ್ಲಿ ಮೀಟಿಂಗು ನಡೆಯುವಾಗಲೂ ನನ್ನ ಲ್ಯಾಪ್‌ಟಾಪಿನ ಮೂಲೆಯಲ್ಲಿ ಆ ಕ್ಯಾಲೆಂಡರು ತೆರೆದಿರುತ್ತಿತ್ತು. ಕೊನೆಗೆ ಸಿಕ್ಕಿದ್ದು ನನಗೂ ನನ್ನ ಗಂಡನಿಗೂ ಬೇರೆಬೇರೆ ದಿನ. ಮಗಳು ಇಲ್ಲೇ ಹುಟ್ಟಿದವಳು, ಅಮೆರಿಕದ ಪಾಸ್‌ಪೋರ್ಟು, ಅವಳಿಗೆ ವೀಸಾದ ಗೋಜೇ ಇಲ್ಲ. ‘ಐ ಡೋಂಟ್ ಗೆಟ್ ಇಟ್, ಯು ಗೈಸ್ ಆರ್ ದ ಗ್ರೋನಪ್ಸ್,’ ಅನ್ನುತ್ತಿದ್ದಳು.

ಆಮೇಲೆ ಕಾಗದಗಳು. ಹೋಟೆಲು, ವಿಮಾನ, ಇನ್ಶೂರೆನ್ಸು, ಬ್ಯಾಂಕಿನ ಸ್ಟೇಟ್‌ಮೆಂಟು, ಕಂಪನಿಯ ಪತ್ರ. ಯೂರೋಪಿನ ಅಳತೆಗೆ ತೆಗೆಸಿದ ಫೋಟೋ. ಇಲ್ಲಿಯ ಚೌಕದ ಫೋಟೋ ನಡೆಯುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು, ತಿರುಗಾಟ ಮುಗಿಸಿ ವಾಪಸಾದ ಮೇಲೂ ಅಮೆರಿಕದಲ್ಲಿರಲು ಕನಿಷ್ಠ ಮೂರು ತಿಂಗಳ ಅನುಮತಿ ಕೈಯಲ್ಲಿರಬೇಕು. ನನ್ನ ಗಂಡನ ಎಚ್-1ಬಿ, ಅಂದರೆ ಇಲ್ಲಿ ಕೆಲಸ ಮಾಡುವ ವೀಸಾ, ಹಿಂದಿನ ವರ್ಷವೇ ವಿಸ್ತರಣೆಯಾಗಿತ್ತು. ನನ್ನದು ಆ ಮೂರು ತಿಂಗಳಿಗೆ ಸ್ವಲ್ಪ ಮೊದಲೇ ಮುಗಿಯುತ್ತಿತ್ತು. ವಿಸ್ತರಣೆಗೆ ಅರ್ಜಿ ಹಾಕಿ ಆಗಿತ್ತು, ಉತ್ತರ ಬಂದಿರಲಿಲ್ಲ. ಅರ್ಜಿ ತಲುಪಿದ್ದಕ್ಕೆ ಸರ್ಕಾರ ಕೊಟ್ಟ ರಸೀತಿ ಮತ್ತು ಕಂಪನಿಯ ವಕೀಲರ ಪತ್ರ ಸೇರಿಸಿದ್ದೆ.

‘ಇದು ಸಾಕಾಗುತ್ತಾ?’ ಅಂತ ಕೌಂಟರಿನಾಕೆಯನ್ನು ಕೇಳಿದೆ.

‘ನಾವು ಕಾಗದ ತಗೊಳ್ಳೋರು ಅಷ್ಟೇ. ನಿರ್ಧಾರ ನೀವು ಹೋಗೋ ದೇಶದ ಕಾನ್ಸುಲೇಟಿನದು,’ ಅಂದಳು. ಬೆರಳಚ್ಚು ತೆಗೆದುಕೊಂಡಳು, ಪಾಸ್‌ಪೋರ್ಟು ಇಟ್ಟುಕೊಂಡಳು.

ಕೌಂಟರಿನಿಂದ ಈಚೆ ಬಂದರೆ, ಸರದಿಗೆ ಕಾಯುತ್ತಿದ್ದ ಇನ್ನೊಬ್ಬ ಶೋಭಾ ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ನಾನು ಅಭ್ಯಾಸಬಲದಿಂದ ಆಂಟಿ ಅಂದೆ. ‘ಆಂಟಿ ಬೇಡ ಕಣಮ್ಮ, ಅಕ್ಕ ಅನ್ನಿ,’ ಅಂದರು. ಹಾಸನದವರು. ಈಗ ಲಾಸ್ ಆಲ್ಟೋಸಿನಲ್ಲಿ ಮನೆ. ಯಜಮಾನರು ಇಂಜಿನಿಯರು, ಇಬ್ಬರಿಗೂ ಗ್ರೀನ್ ಕಾರ್ಡಿದೆ. ಹೊರಟಿರುವುದು ಮಾತ್ರ ಇವರೊಬ್ಬರೇ. ಕಾಲೇಜಿನಲ್ಲಿ ಹಾಸ್ಟೆಲಿನ ಒಂದೇ ರೂಮಿನಲ್ಲಿದ್ದ ನಾಲ್ವರು ಗೆಳತಿಯರು. ಉಳಿದ ಮೂವರು ಬೆಂಗಳೂರಿಂದ ಬರುತ್ತಾರೆ, ಇವರು ಇಲ್ಲಿಂದ.

‘ಗಂಡಂದಿರಿಲ್ಲ, ಮಕ್ಕಳಿಲ್ಲ, ಟೂರ್ ಕಂಪನಿ ಇಲ್ಲ. ಮೂವತ್ತೆಂಟು ವರ್ಷದಿಂದ ಮಾತಾಡ್ತಾನೇ ಇದೀವಿ. ಈ ಸಲ ನಾನೇ ರೂಮೆಲ್ಲಾ ಬುಕ್ ಮಾಡಿದೀನಿ. ಅವರಿಗೆ ಇಂಗ್ಲಿಷಲ್ಲಿ ಫೋನ್ ಮಾಡೋಕೆ ಭಯ. ನನಗೂ ಭಯಾನೇ, ಹೇಳ್ಕೊಂಡಿಲ್ಲ.’

ನನ್ನ ಮಗಳ ಬಗ್ಗೆ ಕೇಳಿದರು. ಅವಳು ಮ್ಯೂಸಿಯಮ್ಮುಗಳ ಪಟ್ಟಿ ಹಿಡಿದು ಕೂತಿರುವುದನ್ನು ಹೇಳಿದೆ. ಫೋನ್ ನಂಬರು ಕೊಟ್ಟುಕೊಂಡೆವು. ‘ವೀಸಾ ಬಂದ ತಕ್ಷಣ ಮೆಸೇಜ್ ಮಾಡಿ, ನಾನೂ ಮಾಡ್ತೀನಿ,’ ಅಂದರು.

ಪಾಸ್‌ಪೋರ್ಟು ಬಂದದ್ದು ಹೊರಡುವುದಕ್ಕೆ ಇನ್ನೇನು ಒಂದು ವಾರವಿದೆ ಅನ್ನುವಾಗ. ಗಂಡನದು ಎರಡು ದಿನ ಮೊದಲೇ ಬಂದಿತ್ತು, ವೀಸಾ ಸಮೇತ. ನಾನು ಅವತ್ತು ಫಾಸ್ಟರ್ ಸಿಟಿಯ ನಮ್ಮ ಅಪಾರ್ಟ್‌ಮೆಂಟಿನಿಂದಲೇ ಕೆಲಸ ಮಾಡುತ್ತಿದ್ದೆ. ಕೊರಿಯರಿನವನಿಗೆ ಸಹಿ ಹಾಕಿಕೊಟ್ಟು, ಬಾಗಿಲಲ್ಲೇ ನಿಂತು ಲಕೋಟೆ ಹರಿದೆ. ಪಾಸ್‌ಪೋರ್ಟಿನ ಪುಟ ತಿರುವಿದೆ. ಹೊಳೆಯುವ ವೀಸಾ ಸ್ಟಿಕ್ಕರು ಕಂಡಿತು. ಬಂತು! ಬಂತು ಅಂತ ಗಂಡನಿಗೆ ಫೋನು ಮಾಡಲು ಹೊರಟವಳು ಇನ್ನೊಮ್ಮೆ ನೋಡಿದೆ.

ಹೆಸರು ನನ್ನದು. ಫೋಟೋ ನನ್ನದಲ್ಲ.

ಸ್ಟಿಕ್ಕರಿನಿಂದ ನನ್ನನ್ನು ನೋಡುತ್ತಿದ್ದವರು ಶೋಭಕ್ಕ.

ಆ ಕ್ಷಣ ಏನನ್ನಿಸಿತು ಎಂದು ಹೇಳುವುದು ಕಷ್ಟ. ಕನ್ನಡಿ ನೋಡಿದರೆ ಬೇರೆಯವರ ಮುಖ ಕಂಡ ಹಾಗೆ ಆಯಿತು. ಪಾಸ್‌ಪೋರ್ಟನ್ನು ಮುಚ್ಚಿ ಮತ್ತೆ ತೆರೆದೆ. ಮೊದಲ ಪುಟದಲ್ಲಿ ನಾನೇ ಇದ್ದೆ. ವೀಸಾದ ಪುಟದಲ್ಲಿ ಅವರೇ ಇದ್ದರು. ಹುಟ್ಟಿದ ತಾರೀಕು ಅವರದು, ಪಾಸ್‌ಪೋರ್ಟ್ ನಂಬರು ನನ್ನದಲ್ಲ. ಒಲೆಯ ಮೇಲೆ ಹಾಲು ಉಕ್ಕಿ ಸುಟ್ಟ ವಾಸನೆ ಬಂದಾಗಲೇ ಅಡುಗೆಮನೆಗೆ ಹೋದದ್ದು.

ನನ್ನ ಕೆಲಸದ ಬಗ್ಗೆ ಇಲ್ಲಿ ಒಂದು ಮಾತು ಹೇಳಬೇಕು. ಹೊಸ ಔಷಧಿಗಳನ್ನು ರೋಗಿಗಳ ಮೇಲೆ ಪರೀಕ್ಷೆ ಮಾಡುವಾಗ ಆಸ್ಪತ್ರೆಗಳಿಂದ ಬರುವ ಮಾಹಿತಿಯನ್ನು ಸರಿಯಿದೆಯೇ ಎಂದು ನೋಡುವವಳು ನಾನು. ಒಬ್ಬರ ರಕ್ತದ ರಿಪೋರ್ಟು ಇನ್ನೊಬ್ಬರ ಲೆಕ್ಕಕ್ಕೆ ಸೇರದ ಹಾಗೆ ಕಾಯುವುದೇ ಕೆಲಸ. ನಮ್ಮಲ್ಲಿ ರೋಗಿಗೆ ಹೆಸರೇ ಇರುವುದಿಲ್ಲ, ನಂಬರು ಮಾತ್ರ. ಹೆಸರು ನೋಡಿ ಹೊಂದಿಸಿದರೆ ಏನಾಗುತ್ತದೆ ಎಂದು ಹೊಸದಾಗಿ ಸೇರಿದವರಿಗೆ ನಾನೇ ಪಾಠ ಮಾಡುತ್ತೇನೆ. ಈಗ ಅದೇ ಪಾಠ ನನ್ನ ಪಾಸ್‌ಪೋರ್ಟಿನ ಮೇಲೆ ಅಂಟಿಕೊಂಡು ಕೂತಿತ್ತು.

ವೀಸಾ ಕೇಂದ್ರಕ್ಕೆ ಫೋನು ಮಾಡಿದೆ. ಒಂದು ಒತ್ತಿ, ಎರಡು ಒತ್ತಿ, ಸಂಗೀತ, ಮತ್ತೆ ಸಂಗೀತ, ಆಮೇಲೆ ಕರೆಯೇ ಕಟ್ಟಾಯಿತು. ಕಾನ್ಸುಲೇಟಿಗೆ ಇಮೇಲ್ ಬರೆದೆ. ಹದಿನೈದು ಕೆಲಸದ ದಿನಗಳೊಳಗೆ ಉತ್ತರಿಸುತ್ತೇವೆ ಎಂಬ ಯಂತ್ರದ ಉತ್ತರ ತಕ್ಷಣ ಬಂತು. ಶೋಭಕ್ಕನ ಪಾಸ್‌ಪೋರ್ಟಿನಲ್ಲಿ ನನ್ನ ಮುಖ ಇರಬಹುದು ಅಂತ ಹೊಳೆದದ್ದು ಆಗ. ಅವರೂ ಗಾಬರಿಯಾಗಿರುತ್ತಾರೆ, ಇಬ್ಬರೂ ಒಟ್ಟಿಗೆ ಹೋಗಿ ಸರಿ ಮಾಡಿಸಿಕೊಂಡರಾಯಿತು ಅಂತ ಸ್ವಲ್ಪ ಧೈರ್ಯವೂ ಬಂತು. ಫೋನು ಮಾಡಿದೆ.

‘ಅಕ್ಕ, ನಿಮ್ಮ ಪಾಸ್‌ಪೋರ್ಟ್ ಬಂತಾ?’



‘ಬಂತಮ್ಮ. ಮೊನ್ನೆನೇ ಬಂತು. ರಿಜೆಕ್ಟ್ ಮಾಡಿಬಿಟ್ಟಿದಾರೆ.’

‘ರಿಜೆಕ್ಟಾ?’

‘ಹೂಂ. ನಿಮಗೆ ಮೆಸೇಜ್ ಮಾಡೋಕೂ ಮನಸ್ಸು ಬರ್ಲಿಲ್ಲ. ಅವರು ಮೂರು ಜನಕ್ಕೂ ವೀಸಾ ಸಿಕ್ಕಿದೆ ಬೆಂಗಳೂರಲ್ಲಿ. ನೀನಿಲ್ದೆ ನಾವೂ ಹೋಗಲ್ಲ ಅಂತ ಕೂತಿದಾರೆ. ನಾನೇ ಎಲ್ಲರದ್ದೂ ಹಾಳು ಮಾಡಿದ ಹಾಗಾಯ್ತು.’ ಅಳುತ್ತಿದ್ದರು. ‘ಕಾರಣ ಏನು ಬರೆದಿದಾರೆ ಗೊತ್ತಾ? ಅಮೆರಿಕದಲ್ಲಿ ಇರೋಕೆ ಇರೋ ಅನುಮತಿಯ ಅವಧಿ ಸಾಲದು ಅಂತೆ. ನನ್ನ ಗ್ರೀನ್ ಕಾರ್ಡು ಇನ್ನೂ ಎಂಟು ವರ್ಷ ಇದೆಯಮ್ಮ! ಎಂಟು ವರ್ಷ ಸಾಲದು ಅಂದ್ರೆ ಏನರ್ಥ?’

ನನಗೆ ಅರ್ಥವಾಯಿತು. ಅವಧಿ ಸಾಲದಿದ್ದದ್ದು ನನ್ನದು. ಆ ರಿಜೆಕ್ಷನ್ನು ನನಗೆ ಬರಬೇಕಾದದ್ದು. ವೀಸಾ ಸಿಕ್ಕಿದ್ದು ಅವರಿಗೆ. ನನಗೆ ಸಿಕ್ಕೇ ಇರಲಿಲ್ಲ.

‘ಅಕ್ಕ, ನಾನು ಆಮೇಲೆ ಫೋನ್ ಮಾಡ್ತೀನಿ,’ ಅಂದೆ. ಅಷ್ಟೇ ಅಂದದ್ದು. ಅವರ ವೀಸಾ ನನ್ನ ಕೈಯಲ್ಲೇ ಇದೆ ಎಂದು ಹೇಳಲಿಲ್ಲ.

ಗಂಡ ಊಟಕ್ಕೆ ಮನೆಗೆ ಬಂದರು. ಪಾಸ್‌ಪೋರ್ಟು ತೋರಿಸಿದೆ. ನಿಂತಲ್ಲೇ ನಿಂತರು. ‘ಇವರು ಯಾರು?’ ಅಂದರು. ಎಲ್ಲ ಹೇಳಿದೆ. ಊಟ ಮೇಜಿನ ಮೇಲೇ ಉಳಿಯಿತು.

‘ನೋಡು,’ ಅಂದರು ಯೋಚಿಸಿ, ‘ಸ್ಟಿಕ್ಕರಿನಲ್ಲಿ ಫೋಟೋ ತಪ್ಪಾಗಿದೆ ಅಂತಷ್ಟೇ ಹೇಳೋಣ. ನಿನ್ನ ಪಾಸ್‌ಪೋರ್ಟಿನಲ್ಲಿ ವೀಸಾ ಇದೆ. ತಪ್ಪು ಅವರದ್ದು. ಬೇರೆ ಸ್ಟಿಕ್ಕರ್ ಹಾಕಿಕೊಟ್ಟರೂ ಕೊಡಬಹುದು.’

‘ನಂದು ರಿಜೆಕ್ಟ್ ಆಗಿದೆ ರೀ.’

‘ಅದು ನಿನಗೆ ಯಾರೂ ಹೇಳಿಲ್ಲವಲ್ಲ. ನಿನ್ನ ಊಹೆ.’

‘ಮತ್ತೆ ಅವರದ್ದು?’

‘ಅವರದ್ದು ಬೇರೆ ಫೈಲು. ಗ್ರೀನ್ ಕಾರ್ಡಿದೆ, ಮತ್ತೆ ಅರ್ಜಿ ಹಾಕಿದರೆ ಸಿಗುತ್ತೆ.’ ಇಷ್ಟು ಹೇಳಿ ಕಿಟಕಿಯ ಕಡೆ ತಿರುಗಿದರು. ಹೊರಗೆ ಹಿನ್ನೀರಿನ ಕೊಳದಲ್ಲಿ ಬಾತುಗಳಿದ್ದವು. ಕೆಟ್ಟವರಲ್ಲ ನನ್ನ ಗಂಡ. ಆ ಮಾತು ಅವರ ಬಾಯಿಂದ ಬರುವ ಮೊದಲೇ ನನ್ನ ಮನಸ್ಸಿನಲ್ಲೂ ಬಂದು ಕೂತಿತ್ತು. ಮತ್ತೆ ಅರ್ಜಿ ಹಾಕಲಿ, ಬೇಸಿಗೆಗೆ ಹೋಗಲಿ, ಅವರಿಗೇನು ಆಫೀಸೇ ಶಾಲೆಯೇ ಎಂದು ನಾನೂ ಲೆಕ್ಕ ಹಾಕಿದ್ದೆ. ನನ್ನೊಳಗೆ ಆ ಯೋಚನೆ ಅಷ್ಟು ಸಲೀಸಾಗಿ ನಡೆದದ್ದು ಸ್ಟಿಕ್ಕರಿಗಿಂತ ಹೆಚ್ಚು ದಿಗಿಲು ಹುಟ್ಟಿಸಿತು.

ಗಂಡ ಆಫೀಸಿಗೆ ಹೋದರು. ನಾನು ಲ್ಯಾಪ್‌ಟಾಪಿನ ಮುಂದೆ ಕೂತೆ. ಎರಡು ರೋಗಿಗಳ ಮಾಹಿತಿ ಅದಲುಬದಲಾದರೆ ನಮ್ಮಲ್ಲಿ ನಿಯಮ ಒಂದೇ: ಎರಡೂ ಕಡತ ಒಟ್ಟಿಗೆ ತೆರೆಯಬೇಕು. ಒಂದನ್ನು ಮಾತ್ರ ತಿದ್ದಿ ಮುಚ್ಚಿದರೆ ಇನ್ನೊಂದು ಕಡೆ ರೋಗಿಯೊಬ್ಬರು ತಮ್ಮದಲ್ಲದ ಕಾಯಿಲೆಯನ್ನು ಹೊತ್ತುಕೊಂಡು ಹಾಗೇ ಉಳಿದುಬಿಡುತ್ತಾರೆ. ನಾನು ಹದಿಮೂರು ವರ್ಷದಿಂದ ಇದನ್ನು ಬೇರೆಯವರಿಗೆ ಹೇಳಿಕೊಂಡು ಬಂದಿದ್ದೇನೆ. ಅಂಥ ಒಂದು ಕಡತ ಅವತ್ತೂ ನನ್ನ ಪರದೆಯ ಮೇಲಿತ್ತು. ಒಂದು ಸಾಲನ್ನೂ ಓದಲಾಗಲಿಲ್ಲ. ಕಿವಿಯಲ್ಲಿ ‘ನಾನೇ ಎಲ್ಲರದ್ದೂ ಹಾಳು ಮಾಡಿದ ಹಾಗಾಯ್ತು’ ಎಂಬ ಮಾತೇ ಇತ್ತು. ಮಾಡದ ತಪ್ಪಿಗೆ ಒಬ್ಬರು ಲಾಸ್ ಆಲ್ಟೋಸಿನಲ್ಲಿ ಕೂತು ಅಳುತ್ತಿದ್ದಾರೆ. ಅದನ್ನು ತಿಳಿದವಳು ನಾನೊಬ್ಬಳೇ.

ಫೋನು ತೆಗೆದುಕೊಂಡೆ. ಮೊದಲ ರಿಂಗಿಗೇ ಎತ್ತಿದರು.

‘ಅಕ್ಕ, ನಿಮಗೆ ವೀಸಾ ಸಿಕ್ಕಿದೆ. ಅದು ನನ್ನ ಪಾಸ್‌ಪೋರ್ಟಿನಲ್ಲಿದೆ. ರಿಜೆಕ್ಟ್ ಆಗಿರೋದು ನಂದು.’

ಅವರು ಕೂಗಿಕೊಳ್ಳುತ್ತಾರೆ, ಹತ್ತು ಪ್ರಶ್ನೆ ಕೇಳುತ್ತಾರೆ ಅಂದುಕೊಂಡಿದ್ದೆ. ‘ಅಯ್ಯೋ ದೇವರೇ,’ ಅಂದರು ಮೆಲ್ಲಗೆ. ಆಮೇಲೆ, ‘ಈಗ ನಿಮ್ಮ ಗತಿ ಏನಮ್ಮ?’ ಅಂದರು.

ಮರುದಿನ ಬೆಳಿಗ್ಗೆ ಅವರು ಮೌಂಟನ್ ವ್ಯೂನಲ್ಲಿ ರೈಲು ಹತ್ತಿದರು, ನಾನು ನಡುವಿನ ನಿಲ್ದಾಣದಲ್ಲಿ ಅದೇ ರೈಲಿಗೆ ಸೇರಿಕೊಂಡೆ. ಅವರು ಡಬ್ಬಿಯಲ್ಲಿ ಅವಲಕ್ಕಿ ತಂದಿದ್ದರು. ನನಗೆ ತಿನ್ನಲಾಗಲಿಲ್ಲ.

ವೀಸಾ ಕೇಂದ್ರದಲ್ಲಿ ಅದೇ ಗಾಜು, ಅದೇ ಹೆಂಗಸು. ಸ್ಟಿಕ್ಕರು ನೋಡಿ ಅವಳ ಹುಬ್ಬು ಮೇಲೇರಿತು. ಒಳಗೆ ಹೋಗಿ ಮೇಲಿನವರನ್ನು ಕೇಳಿಬಂದಳು. ‘ನಾವು ಲಕೋಟೆ ಒಯ್ದು ತರೋರು. ಒಳಗೆ ಏನಿದೆ ಅಂತ ನೋಡುವ ಅಧಿಕಾರವಿಲ್ಲ. ಕಾನ್ಸುಲೇಟಿಗೆ ಇಮೇಲ್ ಮಾಡಿ.’

‘ಮಾಡಿದೀನಿ.’

‘ಹಾಗಾದರೆ ಉತ್ತರಕ್ಕೆ ಕಾಯಿರಿ.’

‘ಇವರ ವಿಮಾನ ಮುಂದಿನ ವಾರ,’ ಅಂದೆ. ಭುಜ ಕುಣಿಸಿದಳು.

ಕಾನ್ಸುಲೇಟಿಗೆ ನಡೆದೇ ಹೋದೆವು. ಅಲ್ಲಿನ ಏರು ರಸ್ತೆಗಳು ಗೊತ್ತಲ್ಲ, ಶೋಭಕ್ಕ ಎರಡು ಕಡೆ ನಿಂತು ಸುಧಾರಿಸಿಕೊಂಡರು. ಬಾಗಿಲಲ್ಲಿ ಕಾವಲಿನವನು. ಅಪಾಯಿಂಟ್‌ಮೆಂಟು ಇಲ್ಲದವರಿಗೆ ಪ್ರವೇಶವಿಲ್ಲ, ಇಮೇಲ್ ಮಾಡಿ ಅಂದ. ನಾನು ವಾದ ಮಾಡಲು ಬಾಯಿ ತೆರೆದೆ. ಅಷ್ಟರಲ್ಲಿ ಶೋಭಕ್ಕ ನನ್ನ ಕೈಯಿಂದ ಪಾಸ್‌ಪೋರ್ಟು ತೆಗೆದುಕೊಂಡು, ಮೊದಲ ಪುಟ ತೆರೆದು ಅವನಿಗೆ ತೋರಿಸಿ ನನ್ನತ್ತ ಬೆರಳು ಮಾಡಿದರು. ಆಮೇಲೆ ವೀಸಾದ ಪುಟ ತೆರೆದು ತಮ್ಮ ಎದೆಯ ಮೇಲೆ ಬೆರಳಿಟ್ಟುಕೊಂಡರು. ಒಂದು ಮಾತೂ ಆಡಲಿಲ್ಲ.

ಅವನು ನನ್ನನ್ನು ನೋಡಿದ. ಅವರನ್ನು ನೋಡಿದ. ಪುಟ ಹಿಂದೆ ಮುಂದೆ ತಿರುವಿದ. ‘ಒಂದು ನಿಮಿಷ,’ ಅಂದವನು ಬಾಗಿಲನ್ನು ಅರ್ಧ ತೆರೆದಿಟ್ಟೇ ಒಳಗೆ ಓಡಿದ.

ಬಂದಾಕೆ ವೀಸಾ ಅಧಿಕಾರಿ. ಗಂಭೀರ ಮುಖ, ಕೊರಳಿಗೆ ಕನ್ನಡಕ. ಇಬ್ಬರನ್ನೂ ಕೂರಿಸಿ, ಎರಡೂ ಪಾಸ್‌ಪೋರ್ಟು ತೆಗೆದುಕೊಂಡು, ಅಲ್ಲೇ ಕಂಪ್ಯೂಟರಿನಲ್ಲಿ ನೋಡತೊಡಗಿದಳು. ಆಕೆಯ ಕತ್ತಿನಿಂದ ಮೇಲಕ್ಕೆ ಕೆಂಪೇರಿದ್ದು ನನಗೆ ಕಂಡಿತು. ‘ಇಪ್ಪತ್ತು ವರ್ಷದಲ್ಲಿ ಹೀಗಾಗಿರಲಿಲ್ಲ,’ ಅಂದಳು. ನಮಗಿಂತ ಹೆಚ್ಚು ಬೆಚ್ಚಿಬಿದ್ದವಳು ಅವಳೇ ಏನೋ. ನೆಪ ಹೇಳಲಿಲ್ಲ. ಇಬ್ಬರ ಕ್ಷಮೆಯನ್ನೂ ಕೇಳಿದಳು. ನನ್ನ ಪಾಸ್‌ಪೋರ್ಟಿನ ಸ್ಟಿಕ್ಕರಿನ ಮೇಲೆ ರದ್ದು ಎಂಬ ಮುದ್ರೆ ಒತ್ತಿದಳು. ಶೋಭಕ್ಕನಿಗೆ ಮಧ್ಯಾಹ್ನ ಹೊಸ ವೀಸಾ ಕೊಡುವುದಾಗಿ ಹೇಳಿದಳು.

‘ನನ್ನದು?’ ಅಂತ ಕೇಳಿದೆ. ಗೊತ್ತಿದ್ದೂ ಕೇಳಿದೆ. ಮನುಷ್ಯರ ಆಸೆ ಹಾಗಿರುತ್ತದೆ.

‘ನಿಮ್ಮ ಅರ್ಜಿ ನಿರಾಕರಿಸಲಾಗಿದೆ. ವಿಸ್ತರಣೆಯ ಒಪ್ಪಿಗೆ ಬಂದ ಮೇಲೆ ಮತ್ತೆ ಅರ್ಜಿ ಹಾಕಿ. ಈ ರದ್ದತಿ ನಮ್ಮ ತಪ್ಪಿನಿಂದ ಆದದ್ದು ಎಂದು ನಾನೇ ಪತ್ರ ಕೊಡುತ್ತೇನೆ.’ ಪಾಸ್‌ಪೋರ್ಟನ್ನು ನನ್ನ ಕೈಗಿಟ್ಟು ಅಂದಳು: ‘ನಿಯಮ ನನ್ನ ಕೈಯಲ್ಲಿಲ್ಲ.’

ನಾನು ತಲೆಯಾಡಿಸಿದೆ. ಕಣ್ಣೀರು ಬರಲಿಲ್ಲ. ಶೋಭಕ್ಕ ನನ್ನ ಕೈ ಹಿಡಿದುಕೊಂಡರು, ಮಧ್ಯಾಹ್ನ ಹೊಸ ಸ್ಟಿಕ್ಕರು ಕೈಗೆ ಬರುವವರೆಗೂ ಬಿಡಲಿಲ್ಲ.

ಮನೆಯಲ್ಲಿ ಮಗಳು, ‘ದಟ್ಸ್ ಸೋ ಅನ್‌ಫೇರ್, ಅಮ್ಮ,’ ಅಂತ ಅತ್ತಳು. ಗಂಡ ಎಲ್ಲವನ್ನೂ ಕ್ಯಾನ್ಸಲ್ ಮಾಡೋಣ ಅಂದರು. ಬೇಡ, ನೀವಿಬ್ಬರೂ ಹೋಗಿ ಅಂದೆ. ಅದಕ್ಕೊಂದು ಜಗಳವಾಯಿತು. ಕೊನೆಗೆ ಅವರಿಬ್ಬರೂ ಹೋದರು. ನಾನು ರಜೆ ವಾಪಸು ಪಡೆದು ಆಫೀಸಿಗೆ ಹೋದೆ. ನನ್ನನ್ನು ಕಂಡು ಮ್ಯಾನೇಜರ್ ‘ನೀನು ಯೂರೋಪಿನಲ್ಲಿಲ್ಲವಾ?’ ಅಂದಳು. ಮಗಳು ದಿನವೂ ವಿಡಿಯೋ ಕಾಲ್ ಮಾಡಿ ಮ್ಯೂಸಿಯಮ್ಮಿನ ಒಳಗೆಲ್ಲ ಫೋನು ಹಿಡಿದು ಓಡಾಡಿದಳು. ಅವಳ ಹೆಬ್ಬೆರಳೇ ನನಗೆ ಹೆಚ್ಚು ಕಂಡದ್ದು.

ಊರಿಂದೂರಿಗೆ ಸುತ್ತಿ ವಾಪಸು ಬಂದ ಮೇಲೆ ಶೋಭಕ್ಕ ಒಂದು ಭಾನುವಾರ ನಮ್ಮ ಮನೆಗೆ ಬಂದರು. ಚಾಕಲೇಟು, ಒಂದು ಪುಟ್ಟ ಪಿಂಗಾಣಿ ಬಟ್ಟಲು, ತುಂಬ ಫೋಟೋಗಳು. ನಾಲ್ವರೂ ಒಂದೇ ಛತ್ರಿಯಡಿ ಒತ್ತಿಕೊಂಡು ನಿಂತದ್ದು, ನಾಲ್ವರೂ ರೈಲು ತಪ್ಪಿಸಿಕೊಂಡು ಪ್ಲಾಟ್‌ಫಾರಮ್ಮಿನಲ್ಲಿ ಕೂತದ್ದು. ನೋಡಿ ನಕ್ಕೆವು. ಗಂಡ, ಮಗಳು ಇಬ್ಬರೂ ಹೊರಗೆ ಹೋಗಿದ್ದರು. ಆಗ ಅವರು ಫೋನನ್ನು ಮಗುಚಿಟ್ಟು ಅಂದರು:

‘ನಿಮಗೆ ಒಂದು ಮಾತು ಹೇಳ್ಬೇಕಿತ್ತು. ಅವತ್ತು ನೀವು ಮೊದಲನೇ ಸಲ ಫೋನ್ ಮಾಡಿ, ಏನೂ ಹೇಳದೆ ಇಟ್ರಲ್ಲ. ನಿಮ್ಮ ದನಿ ಒಂಥರಾ ಇತ್ತು. ನಾನು ಆ ರಿಜೆಕ್ಷನ್ ಕಾಗದ ಮತ್ತೆ ತೆಗೆದು ನೋಡ್ದೆ. ಮೂಲೇಲಿ ಪಾಸ್‌ಪೋರ್ಟ್ ನಂಬರಿತ್ತು. ನಂದಲ್ಲ.’

‘ನಿಮಗೆ ಗೊತ್ತಾಯ್ತಾ?’

‘ಗೊತ್ತಾಯ್ತು. ನಿಮ್ಮದು ನನಗೆ ಬಂದಿದ್ರೆ ನನ್ನದು ನಿಮಗೆ ಬಂದಿರ್ಬೇಕಲ್ಲ. ಯಜಮಾನ್ರು ತಕ್ಷಣ ಕೇಳು ಅಂದ್ರು. ನಾನೇ ಬೇಡ ಅಂದೆ.’

‘ಯಾಕಕ್ಕ?’

‘ಮಗಳನ್ನ ಕರ್ಕೊಂಡು ಹೊರಟಿದೀರಿ. ನಿಮಗೆ ವೀಸಾ ಇಲ್ಲ, ಅದು ನಂದು, ಕೊಡಿ ಅಂತ ಹೇಗೆ ಕೇಳೋದು? ಹೇಗೋ ಸರಿ ಮಾಡಿಸ್ಕೊಂಡು ನೀವು ಹೋಗಿಬರಲಿ ಅಂತ ಬಿಟ್ಟುಬಿಟ್ಟಿದ್ದೆ. ಗೆಳತೀರಿಗೆ ಮೆಸೇಜೂ ಹಾಕಿದ್ದೆ, ಟಿಕೆಟ್ ಕ್ಯಾನ್ಸಲ್ ಮಾಡ್ರೇ ಅಂತ. ಅವರು ಮಾಡೋಷ್ಟರಲ್ಲಿ ನಿಮ್ಮ ಫೋನ್ ಬಂತು.’

ನಾನು ಇಲ್ಲಿ ಕೂತು ಅವರಿಗೇನು ಆಫೀಸೇ ಶಾಲೆಯೇ ಎಂದು ಲೆಕ್ಕ ಹಾಕುತ್ತಿದ್ದ ಅದೇ ಹೊತ್ತಿನಲ್ಲಿ ಅವರು ಅಲ್ಲಿ ಕೂತು ಬಿಟ್ಟುಕೊಟ್ಟಿದ್ದರು. ನನ್ನ ಮುಖ ನೋಡಿ ಅವರಿಗೆ ಸಂಕೋಚವಾಯಿತೋ ಏನೋ.

‘ದೊಡ್ಡ ಮನಸ್ಸೇನಲ್ಲ ಬಿಡಿ,’ ಅಂದರು. ‘ಎರಡು ದಿನ ಅತ್ತು ಮುಗಿಸಿದ್ದೆ. ಮತ್ತೆ ಆಸೆ ಇಟ್ಕೊಳ್ಳೋಕೆ ಸುಸ್ತಾಗಿತ್ತು.’

‘ಅಕ್ಕ, ನಾನು ಫೋನ್ ಮಾಡೋದೇ ಬೇಡ ಅಂತ ಕೂತಿದ್ದೆ,’ ಅಂದೆ. ಹೇಳದೇ ಇರಲಾಗಲಿಲ್ಲ.

‘ಅದೂ ಗೊತ್ತು,’ ಅಂದರು ಶೋಭಕ್ಕ. ‘ಮಧ್ಯಾಹ್ನ ಪೂರ್ತಿ ಫೋನ್ ಮಡಿಲಲ್ಲೇ ಇಟ್ಕೊಂಡು ಕೂತಿದ್ನಲ್ಲ ನಾನು.’